ಕ್ರಾಸಿನಲ್ಲಿ ನಿಂತವರ ಲೆಕ್ಕ

(ಹೆದ್ದಾರಿಗೆ ಸೇರುವ ದಾರಿಗಳ ಸುರಕ್ಷತೆಯನ್ನು ಅಳೆಯುವ ಬಗೆ ಕುರಿತ ದತ್ತಿ ಉಪನ್ಯಾಸದ ಮುದ್ರಿತ ಪಠ್ಯ)



ದತ್ತಿ ಉಪನ್ಯಾಸದ ವೇದಿಕೆಯಲ್ಲಿ ಸಾಮಾನ್ಯವಾಗಿ ಕಾವ್ಯ, ಶಾಸನ, ಇತಿಹಾಸಗಳ ಮಾತು ನಡೆಯುತ್ತದೆ. ಈ ಸಲ ರಸ್ತೆಯ ಬಗ್ಗೆ ಮಾತಾಡುತ್ತೇನೆ ಎಂದಾಗ ಸಂಘಟಕರು ಹಿಂದೆಮುಂದೆ ನೋಡದೆ ಒಪ್ಪಿದರು. ಅವರಿಗೆ ನನ್ನ ವಂದನೆ. ಸಿವಿಲ್ ಎಂಜಿನಿಯರಿಂಗ್ ಮಕ್ಕಳಿಗೆ ಬಹುಕಾಲ ರಸ್ತೆಯ ಪಾಠ ಹೇಳಿದವನು ನಾನು. ಆ ಪಾಠದಲ್ಲಿ ಬಿಟ್ಟುಹೋಗಿದ್ದ ಒಂದು ಅಧ್ಯಾಯವನ್ನು ಇಂದು ನಿಮ್ಮ ಮುಂದೆ ಇಡುತ್ತೇನೆ.

ನಮ್ಮ ನಾಡಿನ ಕೆಲವು ಊರುಗಳ ಹೆಸರು ಗಮನಿಸಿ. ತಿಪಟೂರು ತಾಲ್ಲೂಕಿನಲ್ಲಿ ಕಿಬ್ಬನಹಳ್ಳಿ ಕ್ರಾಸ್, ನಾಗಮಂಗಲ ತಾಲ್ಲೂಕಿನಲ್ಲಿ ಬೆಳ್ಳೂರು ಕ್ರಾಸ್, ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಹ್ಯಾಂಡ್‌ಪೋಸ್ಟ್, ಚಿಕ್ಕಮಗಳೂರಿನ ಬಳಿ ಕೈಮರ. ದಾರಿ ಕವಲೊಡೆಯುವ ಜಾಗವೋ ಅಲ್ಲಿ ನೆಟ್ಟ ಕಂಬವೋ ಊರಿನ ಹೆಸರಾಗಿ ನಿಂತಿದೆ. ಹಳ್ಳಿಯ ದಾರಿ ದೊಡ್ಡ ರಸ್ತೆಯನ್ನು ಕೂಡುವಲ್ಲಿ ಮೊದಲು ಒಂದು ಚಹಾದಂಗಡಿ ಬರುತ್ತದೆ. ಆಮೇಲೆ ಪಂಕ್ಚರ್ ಹಾಕುವವನು, ಹಾಲಿನ ಡೇರಿ, ಬಸ್ಸು ಕಾಯುವ ಕಟ್ಟೆ, ಗೊಬ್ಬರದ ಅಂಗಡಿ. ಕ್ರಾಸ್ ಎಂದರೆ ಹಳ್ಳಿಯ ಹೆಬ್ಬಾಗಿಲು. ಪೇಟೆಗೆ, ಆಸ್ಪತ್ರೆಗೆ, ಕಾಲೇಜಿಗೆ ಹೋಗುವವರೆಲ್ಲ ಆ ಬಾಗಿಲು ದಾಟಿಯೇ ಹೋಗಬೇಕು.

ಅಂಥ ಎಷ್ಟೋ ಹೆಬ್ಬಾಗಿಲುಗಳ ಮುಂದೆ ಈಗ ನಾಲ್ಕು ಪಥದ, ಆರು ಪಥದ ಹೆದ್ದಾರಿ ಬಂದಿದೆ. ಕೇಂದ್ರ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ದೇಶದಲ್ಲಿ 4,61,312 ರಸ್ತೆ ಅಪಘಾತಗಳಾದವು, 1,68,491 ಜನ ಸತ್ತರು. ಕರ್ನಾಟಕದಲ್ಲಿ ಸತ್ತವರು 11,702. ದೇಶದ ಒಟ್ಟು ರಸ್ತೆಗಳ ಉದ್ದದಲ್ಲಿ ರಾಷ್ಟ್ರೀಯ ಹೆದ್ದಾರಿಯ ಪಾಲು ನೂರಕ್ಕೆ ಎರಡರ ಆಸುಪಾಸು. ಸಾವುಗಳಲ್ಲಿ ಅದರ ಪಾಲು ನೂರಕ್ಕೆ 36. ಈ ಸಾವುಗಳೆಲ್ಲ ಕ್ರಾಸುಗಳಲ್ಲೇ ಆದವು ಎಂದು ನಾನು ಹೇಳುತ್ತಿಲ್ಲ. ಆದರೆ ವೇಗವಾಗಿ ಹೋಗುವವರೂ ನಿಧಾನವಾಗಿ ದಾಟುವವರೂ ಒಂದೇ ನೆಲಕ್ಕೆ ಬಂದು ನಿಲ್ಲುವ ಜಾಗ ಕ್ರಾಸ್. ಅಪಾಯವನ್ನು ಮೊದಲೇ ಊಹಿಸಿ ತಡೆಯಬಹುದಾದ ಜಾಗವೂ ಅದೇ.

ಸಂಧಿಸುವ ಬಿಂದುಗಳು

ಹೆದ್ದಾರಿಗೆ ವಾಹನವಾಗಲಿ ಮನುಷ್ಯನಾಗಲಿ ಒಳಬರುವ, ಹೊರಹೋಗುವ ಪ್ರತಿಯೊಂದು ಜಾಗವೂ ಪ್ರವೇಶ ಸ್ಥಳವೇ. ಹಳ್ಳಿಯ ಕ್ರಾಸ್, ಡಿವೈಡರ್ ನಡುವಿನ ತೆರವು, ಸರ್ವಿಸ್ ರಸ್ತೆಯಿಂದ ಮುಖ್ಯ ರಸ್ತೆಗೆ ಏರುವ ಬಾಯಿ, ಪೆಟ್ರೋಲ್ ಬಂಕ್, ಡಾಬಾ, ಕಲ್ಯಾಣ ಮಂಟಪದ ಗೇಟು, ಹೊಸ ಬಡಾವಣೆಯ ಕಮಾನು, ಎಲ್ಲವೂ ಈ ಲೆಕ್ಕಕ್ಕೆ ಸೇರುತ್ತವೆ.

ಇವುಗಳನ್ನು ಅಳೆಯುವ ಮೊದಲ ವಿಧಾನ ಸರಳವಾದ ಎಣಿಕೆ. ಎರಡು ವಾಹನಗಳ ಹಾದಿ ಪರಸ್ಪರ ಸಂಧಿಸುವ ಬಿಂದುಗಳನ್ನು ಕಾಗದದ ಮೇಲೆ ಗುರುತಿಸುತ್ತಾ ಹೋಗಬೇಕು. ಎಲ್ಲ ದಿಕ್ಕಿಗೂ ತಿರುಗಲು ಅವಕಾಶವಿರುವ ಸಾಮಾನ್ಯ ನಾಲ್ಕು ದಾರಿಯ ಕೂಡಿನಲ್ಲಿ ಇಂಥ ಬಿಂದುಗಳು 32. ಮೂರು ದಾರಿ ಕೂಡುವಲ್ಲಿ 9. ನಾಲ್ಕು ದಾರಿಯ ಜಾಗದಲ್ಲೇ ಒಂದು ಪಥದ ವೃತ್ತ ಮಾಡಿದರೆ 8. ಡಿವೈಡರ್ ಮುಚ್ಚಿ, ಹಳ್ಳಿಯ ದಾರಿಯಿಂದ ಬಂದವರು ಎಡಕ್ಕೆ ಮಾತ್ರ ತಿರುಗುವಂತೆ, ಹೆದ್ದಾರಿಯವರು ಎಡದಿಂದ ಮಾತ್ರ ಒಳಹೋಗುವಂತೆ ಮಾಡಿದರೆ ಉಳಿಯುವುದು ಎರಡೇ: ಒಂದು ಸೇರುವುದು, ಇನ್ನೊಂದು ಬೇರ್ಪಡುವುದು. ಅಡ್ಡ ದಾಟುವ ಬಿಂದು ಒಂದೂ ಉಳಿಯುವುದಿಲ್ಲ. ಹೆಚ್ಚಿನ ಪ್ರಾಣಹಾನಿ ಅಡ್ಡ ದಾಟುವ ಬಿಂದುಗಳಲ್ಲೇ, ಏಕೆಂದರೆ ಅಲ್ಲಿ ವಾಹನದ ಪಕ್ಕೆಗೆ ಪೂರ್ಣ ವೇಗದ ಪೆಟ್ಟು ಬೀಳುತ್ತದೆ.

ಎಂಜಿನಿಯರುಗಳಿಗೆ ಡಿವೈಡರ್ ಮುಚ್ಚುವ ಪರಿಹಾರ ಇಷ್ಟವಾಗುವುದಕ್ಕೆ ಈ ಗಣಿತವೇ ಕಾರಣ. ಗಣಿತ ಸರಿಯಾಗಿದೆ. ಆದರೆ ಅದು ಅರ್ಧ ಲೆಕ್ಕ. ಉಳಿದರ್ಧಕ್ಕೆ ಆಮೇಲೆ ಬರುತ್ತೇನೆ.

ಸೆಕೆಂಡಿನ ಲೆಕ್ಕ

ಎರಡನೆಯ ವಿಧಾನ ಕಣ್ಣಳತೆಯದು. ಗಂಟೆಗೆ 100 ಕಿ.ಮೀ. ವೇಗದ ಕಾರು ಸೆಕೆಂಡಿಗೆ ಸುಮಾರು 28 ಮೀಟರ್ ಸಾಗುತ್ತದೆ. ಎದುರಿನ ಅಡ್ಡಿಯನ್ನು ಕಂಡು, ಅರ್ಥಮಾಡಿಕೊಂಡು, ಬ್ರೇಕ್ ಮೇಲೆ ಕಾಲಿಡಲು ಚಾಲಕನಿಗೆ ಎರಡೂವರೆ ಸೆಕೆಂಡು ಬೇಕೆಂದು ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾನದಂಡ ಹಿಡಿಯುತ್ತದೆ. ಅಷ್ಟರಲ್ಲಿ ಕಾರು 70 ಮೀಟರ್ ಮುಂದೆ ಬಂದಿರುತ್ತದೆ. ಆಮೇಲೆ ಟೈರು ನೆಲವನ್ನು ಕಚ್ಚಿ ನಿಲ್ಲಲು ಇನ್ನೂ 110 ಮೀಟರ್. ಎರಡೂ ಸೇರಿ 180 ಮೀಟರ್. ಈ ವೇಗದ ರಸ್ತೆಯಲ್ಲಿ ಚಾಲಕನಿಗೆ ಕನಿಷ್ಠ ಇಷ್ಟು ದೂರ ಮುಂದೆ ಕಾಣಬೇಕು ಎಂಬುದು ನಿಯಮ. 80 ಕಿ.ಮೀ. ವೇಗಕ್ಕೆ 120 ಮೀಟರ್ ಸಾಕು.

ಈಗ ಅದೇ ರಸ್ತೆಯನ್ನು ಅಂಚಿನಲ್ಲಿ ನಿಂತವರ ಕಡೆಯಿಂದ ನೋಡಿ. ಆರು ಪಥದ ಹೆದ್ದಾರಿಯಲ್ಲಿ ಒಂದು ಬದಿಯ ಮೂರು ಪಥದ ಅಗಲ ಹತ್ತೂವರೆ ಮೀಟರ್. ಗಟ್ಟಿಮುಟ್ಟಾದ ಮನುಷ್ಯ ಸೆಕೆಂಡಿಗೆ 1.2 ಮೀಟರ್ ನಡೆದರೆ ದಾಟಲು ಸುಮಾರು 9 ಸೆಕೆಂಡು. ಅಷ್ಟರಲ್ಲಿ ಕಾರು 250 ಮೀಟರ್ ಬಂದಿರುತ್ತದೆ. ಮಂಡಿನೋವಿನ ಅಜ್ಜಿ ಸೆಕೆಂಡಿಗೆ 0.8 ಮೀಟರಿನಂತೆ ನಡೆದರೆ 13 ಸೆಕೆಂಡು. ಕಾರು 360 ಮೀಟರ್. ಕಬ್ಬು ತುಂಬಿದ ಟ್ರ್ಯಾಕ್ಟರ್ ಟ್ರೇಲರ್ ಸಮೇತ 10 ಮೀಟರ್ ಉದ್ದವಿದ್ದು, ನಿಂತಲ್ಲಿಂದ ಹೊರಟು ಸರಾಸರಿ ಸೆಕೆಂಡಿಗೆ ಒಂದೂವರೆ ಮೀಟರ್ ಸಾಗುತ್ತದೆ ಎಂದಿಟ್ಟುಕೊಳ್ಳೋಣ. ಅದರ ಹಿಂಬದಿಯ ಗಾಲಿ ಆಚೆ ದಾಟುವ ಹೊತ್ತಿಗೆ ಸುಮಾರು 14 ಸೆಕೆಂಡು ಆಗಿರುತ್ತದೆ. ಕಾರು 380 ಮೀಟರಿಗೂ ಹೆಚ್ಚು ದೂರ ಬಂದಿರುತ್ತದೆ.

180 ಮೀಟರ್ ಒಂದು ಕಡೆ, 360 ಮೀಟರ್ ಇನ್ನೊಂದು ಕಡೆ. ನನ್ನ ಇಡೀ ಉಪನ್ಯಾಸ ಈ ಎರಡು ಅಂಕೆಗಳ ನಡುವೆ ಇದೆ. ರಸ್ತೆ ನಿಯಮದಂತೆ ಸರಿಯಾಗಿಯೇ ಇರಬಹುದು, ಚಾಲಕನಿಗೆ 180 ಮೀಟರ್ ಸ್ಪಷ್ಟವಾಗಿ ಕಾಣುತ್ತಿರಬಹುದು. ಅಜ್ಜಿಗೆ ಬೇಕಾದದ್ದು ಅದರ ಎರಡರಷ್ಟು. ವಾಹನ ಕಾಣದಿದ್ದಾಗಲೇ ಆಕೆ ಹೆಜ್ಜೆ ಇಟ್ಟಿದ್ದಾಳೆ, ಆಕೆಯದು ಯಾವ ತಪ್ಪೂ ಇಲ್ಲ. ರಸ್ತೆಯ ನಡುವೆ ಇರುವಾಗ ವಾಹನ ಬಂದಿದೆ. ಎಫ್‌ಐಆರ್‌ನಲ್ಲಿ ಇದು ‘ಅತಿವೇಗ ಮತ್ತು ಅಜಾಗರೂಕತೆಯ ಚಾಲನೆ’ ಎಂದು ದಾಖಲಾಗುತ್ತದೆ. ಏರು ದಾಟಿದ ಕೂಡಲೇ ಇರುವ ಕ್ರಾಸ್, ತಿರುವಿನ ಒಳಮಗ್ಗುಲಿನ ಕ್ರಾಸ್ ಇವುಗಳ ಮಾತು ಆ ಕಾಗದದಲ್ಲಿ ಬರುವುದಿಲ್ಲ.

ಡಿವೈಡರ್ ವಿಷಯವೂ ಇದೇ. ಎರಡು ಬದಿಯನ್ನು ಎರಡು ಹಂತದಲ್ಲಿ ದಾಟಬಹುದಲ್ಲ ಎಂದು ನೀವು ಕೇಳಬಹುದು. ಅದಕ್ಕೆ ನಡುವೆ ನಿಲ್ಲಲು ಜಾಗ ಬೇಕು. ಬೈಕಿನ ಉದ್ದವೇ ಎರಡು ಮೀಟರ್. ಊರೊಳಗಿನ ಇಕ್ಕಟ್ಟಾದ ಡಿವೈಡರ್ ತೆರವಿನಲ್ಲಿ ನಿಂತ ಬೈಕಿನ ಮುಂಗಾಲಿ ಒಂದು ಪಥಕ್ಕೆ, ಹಿಂಗಾಲಿ ಇನ್ನೊಂದು ಪಥಕ್ಕೆ ಚಾಚುತ್ತದೆ. ಟ್ರ್ಯಾಕ್ಟರಿಗಂತೂ ನಿಲ್ಲುವ ಪ್ರಶ್ನೆಯೇ ಇಲ್ಲ, ಎರಡೂ ಬದಿಯನ್ನು ಒಂದೇ ಉಸಿರಿನಲ್ಲಿ ದಾಟಬೇಕು. ಎದುರು ದೀಪದ ಬೆಳಕು ಕಣ್ಣಿಗೆ ಹೊಡೆಯದಿರಲೆಂದು ಡಿವೈಡರ್‌ನಲ್ಲಿ ಕಣಗಿಲೆ, ಕಾಗದದ ಹೂವಿನ ಗಿಡ ಬೆಳೆಸುತ್ತಾರೆ. ಅದು ಒಳ್ಳೆಯದೇ. ಆದರೆ ತೆರವಿನ ಅಂಚಿನವರೆಗೂ ಆಳೆತ್ತರಕ್ಕೆ ಬೆಳೆದ ಗಿಡದ ಹಿಂದೆ ಶಾಲೆಯ ಹುಡುಗಿ ನಿಂತಿರುವುದು ಚಾಲಕನಿಗೆ ಕಾಣುವುದಿಲ್ಲ.

ಎಣಿಕೆಗೆ ಸಿಗದವರು

ಕೆಲವು ವರ್ಷಗಳ ಹಿಂದೆ ವಿದ್ಯಾರ್ಥಿಗಳನ್ನು ಕರೆದುಕೊಂಡು ನಾಲ್ಕು ಪಥದ ಹೆದ್ದಾರಿಯ ಒಂದು ಕ್ರಾಸಿನಲ್ಲಿ ವಾಹನ ಎಣಿಕೆಗೆ ಹೋಗಿದ್ದೆ. ಮುಂಜಾನೆ ಆರು ಗಂಟೆ. ಹಾಲಿನ ಕ್ಯಾನ್ ಹಿಡಿದ ಒಬ್ಬ ಅಜ್ಜಿ ಆಚೆ ಬದಿಯ ಡೇರಿಗೆ ಹೋಗಲು ಕಾಯುತ್ತಿದ್ದರು. ಹಾಳೆ ಹಿಡಿದು ನಿಂತ ಹುಡುಗರನ್ನು ನೋಡಿ, “ಏನ್ ಬರ್ಕತಾ ಇದೀರಪ್ಪಾ?” ಎಂದು ಕೇಳಿದರು.

“ಗಾಡಿ ಎಣಿಸ್ತಾ ಇದೀವಿ ಅಜ್ಜಿ.”

“ನಿಂತ್ಕಂಡೋರ್ನೂ ಎಣಿಸ್ತೀರಾ?”

ನಮ್ಮ ಹಾಳೆಯಲ್ಲಿ ಕಾರು, ಬಸ್ಸು, ಲಾರಿ, ಬೈಕು, ಆಟೊ, ಎತ್ತಿನ ಗಾಡಿ ಎಲ್ಲಕ್ಕೂ ಕಲಂ ಇತ್ತು. ದಾಟಿದ ಪಾದಚಾರಿಗಳಿಗೂ ಇತ್ತು. ಕಾಯುತ್ತ ನಿಂತವರಿಗೆ ಇರಲಿಲ್ಲ, ಸಾಕಾಗಿ ಮನೆಗೆ ಮರಳಿದವರಿಗಂತೂ ಇರಲೇ ಇಲ್ಲ. ಮರುದಿನ ಕಾಯುವ ಸಮಯಕ್ಕೆ ಒಂದು ಕಲಂ ಸೇರಿಸಿದೆವು. ಆಗ ಕಣ್ಣಿಗೆ ಬಿದ್ದದ್ದು ಇಷ್ಟು: ಬಂದ ಹೊಸದರಲ್ಲಿ ‘ಬೇಡ, ಲಾರಿ ಬರ್ತಿದೆ’ ಎಂದು ಹಿಂದೆ ಸರಿದವರೇ ನಾಲ್ಕೈದು ನಿಮಿಷ ಕಾದ ಮೇಲೆ ಅಷ್ಟೇ ಸಣ್ಣ ಬಿಡುವಿಗೆ ನುಗ್ಗುತ್ತಿದ್ದರು. ಕಾಯುವಿಕೆ ಹೆಚ್ಚಾದಷ್ಟೂ ಜನ ಒಪ್ಪಿಕೊಳ್ಳುವ ಬಿಡುವು ಕಿರಿದಾಗುತ್ತದೆ ಎಂಬುದು ಸಂಚಾರ ಶಾಸ್ತ್ರ ಬಲ್ಲ ಸಂಗತಿ. ಆದ್ದರಿಂದ ಕಾಯುವ ಸಮಯವೂ ಸುರಕ್ಷತೆಯ ಒಂದು ಅಳತೆಯೇ. ಆ ಪಾಠವನ್ನು ನನಗೆ ಕಲಿಸಿದವರು ಹಾಲಿನ ಕ್ಯಾನಿನ ಅಜ್ಜಿ.

ಸಾವನ್ನು ಕಾಯದ ಅಳತೆ

ರಾಷ್ಟ್ರೀಯ ಹೆದ್ದಾರಿಯಲ್ಲಿ ಬ್ಲ್ಯಾಕ್ ಸ್ಪಾಟ್ ಎಂದು ಗುರುತಿಸಲು ಒಂದು ವ್ಯಾಖ್ಯೆ ಇದೆ. ಸುಮಾರು 500 ಮೀಟರ್ ಉದ್ದದ ತುಣುಕಿನಲ್ಲಿ ಮೂರು ವರ್ಷಗಳಲ್ಲಿ ಸಾವು ಅಥವಾ ತೀವ್ರ ಗಾಯದ ಐದು ಅಪಘಾತ ಆಗಿರಬೇಕು, ಇಲ್ಲವೇ ಹತ್ತು ಜನ ಸತ್ತಿರಬೇಕು. ದುರಸ್ತಿಗೆ ಆದ್ಯತೆ ಕೊಡಲು ಇಂಥ ಗೆರೆ ಬೇಕು, ಒಪ್ಪುತ್ತೇನೆ. ಐಐಟಿ ಮದ್ರಾಸ್ ಮತ್ತು ಎನ್‌ಐಸಿ ಸೇರಿ ರೂಪಿಸಿದ ಅಪಘಾತ ದತ್ತಾಂಶ ವ್ಯವಸ್ಥೆಯಿಂದ ಈಗ ಪೊಲೀಸರು ಅಪಘಾತದ ಜಾಗವನ್ನು ಮೊಬೈಲಿನಲ್ಲೇ ನಿಖರವಾಗಿ ದಾಖಲಿಸುತ್ತಿದ್ದಾರೆ. ಇದು ದೊಡ್ಡ ಮುನ್ನಡೆ. ಆದರೆ ನಾಲ್ಕು ಅಪಘಾತ ಕಂಡ ಕ್ರಾಸ್ ಆ ಗೆರೆಯ ಈಚೆಗೇ ಉಳಿಯುತ್ತದೆ. ನಿನ್ನೆ ತೆರೆದ ಹೊಸ ತೆರವಿಗೆ ಮೂರು ವರ್ಷದ ಚರಿತ್ರೆಯೇ ಇರುವುದಿಲ್ಲ.

ಇದಕ್ಕೆ ಪರಿಹಾರ ಅರ್ಧ ಶತಮಾನದಿಂದ ಲಭ್ಯವಿದೆ. 1960ರ ದಶಕದ ಕೊನೆಗೆ ಅಮೆರಿಕದ ಜನರಲ್ ಮೋಟಾರ್ಸ್ ಪ್ರಯೋಗಾಲಯದ ಸಂಶೋಧಕರು ಅಪಘಾತದ ಬದಲು ಸ್ವಲ್ಪದರಲ್ಲಿ ತಪ್ಪಿದ ಅಪಘಾತಗಳನ್ನು ಎಣಿಸಲು ಶುರುಮಾಡಿದರು. ಮುಂದೆ ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದಲ್ಲಿ ಕ್ರಿಸ್ಟರ್ ಹೈಡೆನ್ ಅದನ್ನು ಗಟ್ಟಿ ವಿಧಾನವಾಗಿ ಬೆಳೆಸಿದರು. ಒಂದು ಸಾವಿನ ಹಿಂದೆ ಕೆಲವು ಗಾಯಗಳಿರುತ್ತವೆ. ಅವುಗಳ ಹಿಂದೆ ಕೂದಲೆಳೆಯಲ್ಲಿ ಪಾರಾದ ಅನೇಕ ಘಟನೆಗಳಿರುತ್ತವೆ. ಬೈಕು ದಾಟಿ ಹೋದ ಜಾಗಕ್ಕೆ ಎಷ್ಟು ಸೆಕೆಂಡಿನ ಬಳಿಕ ಬಸ್ಸು ಬಂತು? ಒಂದು ಸೆಕೆಂಡೇ, ನಾಲ್ಕು ಸೆಕೆಂಡೇ? ಕಂಬಕ್ಕೆ ಒಂದು ಕ್ಯಾಮೆರಾ ಕಟ್ಟಿದರೆ ಕೆಲವೇ ದಿನಗಳಲ್ಲಿ ಆ ಕ್ರಾಸಿನ ನಿಜರೂಪ ತಿಳಿಯುತ್ತದೆ, ಯಾರೂ ಸಾಯಬೇಕಾಗಿಲ್ಲ.

ಇದರ ಜೊತೆಗೆ ರಸ್ತೆ ಸುರಕ್ಷತಾ ಪರಿಶೋಧನೆ ಇದೆ. ರಸ್ತೆ ಕಟ್ಟಿದವರಿಗೆ ಸಂಬಂಧಪಡದ ಪರಿಣತರು ನಕ್ಷೆಯ ಹಂತದಲ್ಲಿ, ಕಾಮಗಾರಿಯ ಹಂತದಲ್ಲಿ, ತೆರೆಯುವ ಮುನ್ನ, ತೆರೆದ ಮೇಲೆ ಹಗಲೂ ರಾತ್ರಿಯೂ ಓಡಾಡಿ ನೋಡಬೇಕು. ರಸ್ತೆ ಕಾಂಗ್ರೆಸ್ ಇದಕ್ಕೆ 2010ರಲ್ಲೇ ಕೈಪಿಡಿ ತಂದಿದೆ. ನನ್ನ ಸೇರ್ಪಡೆ ಒಂದೇ: ಪರಿಶೋಧಕರು ಕಾರಿನಿಂದ ಇಳಿದು, ಹಳ್ಳಿಯ ಕಡೆಯಿಂದ ನಡೆದು ಬಂದು ಹೆದ್ದಾರಿಯನ್ನು ದಾಟಿ ನೋಡಬೇಕು. ಶಾಲೆ ಬಿಡುವ ಹೊತ್ತಿಗೆ, ಮುಸ್ಸಂಜೆಗೆ, ಸಂತೆಯ ದಿನ, ಕಬ್ಬು ಕಡಿಯುವ ಕಾಲದಲ್ಲಿ ನೋಡಬೇಕು.

ಮುಚ್ಚಿದರೆ ಮುಗಿಯಿತೇ?

ಈಗ ಉಳಿದರ್ಧ ಲೆಕ್ಕ. ನಾಲ್ಕು ಪಥದ ಹೆದ್ದಾರಿಗಳಲ್ಲಿ ಡಿವೈಡರ್ ತೆರವುಗಳ ನಡುವೆ ಸಾಮಾನ್ಯವಾಗಿ ಎರಡು ಕಿ.ಮೀ. ಅಂತರ ಇರಬೇಕು ಎಂಬ ನಿಯಮವಿದೆ. ಪ್ರವೇಶಗಳು ಒತ್ತೊತ್ತಾಗಿದ್ದರೆ ಅಪಘಾತ ಹೆಚ್ಚುತ್ತದೆ ಎಂದು ಹಲವು ದೇಶಗಳ ಅಧ್ಯಯನಗಳು ತೋರಿಸಿವೆ. ಹಾಗಾಗಿ ಅಂತರ ಬೇಕು. ಆದರೆ ಅಂಡರ್‌ಪಾಸ್ ಮೂರು ಕಿ.ಮೀ. ದೂರವಿದ್ದರೆ ಎದುರುಗಡೆಯ ಶಾಲೆಗೆ ಹೋಗುವ ಹುಡುಗ ಮೂರು ಕಿ.ಮೀ. ಹೋಗಿ ಮೂರು ಕಿ.ಮೀ. ಹಿಂದೆ ಬರಬೇಕು. ಸೈಕಲ್ಲಿನಲ್ಲಿ ಅದು ಅರ್ಧ ಗಂಟೆಯ ದಾರಿ. ರಸ್ತೆಯ ಅಗಲ ಕೆಲವೇ ಮೀಟರ್. ಯಾವ ಹುಡುಗ ಆರು ಕಿ.ಮೀ. ತುಳಿದಾನು?

ಹೀಗಾಗಿ ಮುಚ್ಚಿದ ತೆರವಿನ ಪಕ್ಕದಲ್ಲೇ ಕಬ್ಬಿಣದ ಬೇಲಿ ಬಾಗುತ್ತದೆ, ಒಂದು ಕಲ್ಲು ಕಿತ್ತುಬರುತ್ತದೆ, ಬೈಕು ನುಸುಳುವಷ್ಟು ಸಂದು ಮೂಡುತ್ತದೆ. ಆ ಸಂದಿಗೆ ಫಲಕವಿಲ್ಲ, ದೀಪವಿಲ್ಲ, ಎಚ್ಚರಿಕೆಯ ಉಬ್ಬುಪಟ್ಟಿಯಿಲ್ಲ. ಇನ್ನು ಕೆಲವರು ಹೆದ್ದಾರಿಯಲ್ಲೇ ಎದುರು ದಿಕ್ಕಿನಲ್ಲಿ ಬರುತ್ತಾರೆ. ದೇಶದ ರಸ್ತೆ ಸಾವುಗಳಲ್ಲಿ ನೂರಕ್ಕೆ ಸುಮಾರು ಐದು ಎದುರು ದಿಕ್ಕಿನ ಚಾಲನೆಯಿಂದ ಆಗುತ್ತಿವೆ. ನಾವು ಅದನ್ನು ಜನರ ಶಿಸ್ತಿಲ್ಲದ ನಡವಳಿಕೆ ಎಂದು ಬರೆದು ಮುಗಿಸುತ್ತೇವೆ. ಒಂದು ಜಾಗದಲ್ಲಿ ದಿನವೂ ನೂರಾರು ಜನ ಅದೇ ತಪ್ಪನ್ನು ಮಾಡುತ್ತಿದ್ದಾರೆ ಎಂದರೆ ಆ ತಪ್ಪಿನ ಒಂದು ಭಾಗ ನಕ್ಷೆಯಲ್ಲಿದೆ. ಕಾಗದದ ಮೇಲೆ 9 ಬಿಂದು 2ಕ್ಕೆ ಇಳಿದಿರಬಹುದು. ನೆಲದ ಮೇಲೆ ಲೆಕ್ಕಕ್ಕೇ ಸಿಗದ ಹೊಸ ಬಿಂದುಗಳು ಹುಟ್ಟಿರುತ್ತವೆ.

ಬೆಂಗಳೂರು–ಮೈಸೂರು ಹೆದ್ದಾರಿ ಇದಕ್ಕೆ ಕಣ್ಣೆದುರಿನ ಪಾಠ. ಸುಮಾರು 118 ಕಿ.ಮೀ. ಉದ್ದದ ಈ ದಾರಿ 2023ರ ಮಾರ್ಚ್ 12ರಂದು ಉದ್ಘಾಟನೆಯಾಯಿತು. ನಡುವೆ ಆರು ಪಥ, ಎರಡೂ ಕಡೆ ಎರಡೆರಡು ಪಥದ ಸರ್ವಿಸ್ ರಸ್ತೆ. ಬಿಡದಿ, ರಾಮನಗರ–ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣಗಳಿಗೆ ಬೈಪಾಸ್. ಮೊದಲ ತಿಂಗಳುಗಳಲ್ಲಿ ಅಪಘಾತ, ಸಾವುಗಳ ಸುದ್ದಿ ಪದೇಪದೇ ಬಂತು. ಪೊಲೀಸರು ಕ್ಯಾಮೆರಾ ಹಾಕಿದರು, ವೇಗಕ್ಕೆ 100 ಕಿ.ಮೀ. ಮಿತಿ ಬಿಗಿಗೊಳಿಸಿದರು. ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರುಗಳಿಗೆ ಮುಖ್ಯ ಪಥದಲ್ಲಿ ನಿಷೇಧ ಬಂತು. ಸಾವುಗಳು ಗಣನೀಯವಾಗಿ ಇಳಿದವು. ವೇಗದ ಕುರಿತು ಸ್ವೀಡನ್ನಿನ ಯೋರಾನ್ ನಿಲ್ಸನ್ ತೋರಿಸಿಕೊಟ್ಟ ಸೂತ್ರಕ್ಕೆ ಇದು ಹೊಂದುತ್ತದೆ: ಸರಾಸರಿ ವೇಗ ನೂರಕ್ಕೆ ಒಂದು ಏರಿದರೆ ಪ್ರಾಣಾಂತಿಕ ಅಪಘಾತ ನೂರಕ್ಕೆ ನಾಲ್ಕರಷ್ಟು ಏರುತ್ತದೆ, ಇಳಿದರೆ ಅದೇ ಪ್ರಮಾಣದಲ್ಲಿ ಇಳಿಯುತ್ತದೆ.

ಅದೇ ಹೊತ್ತಿಗೆ ಪಕ್ಕದ ಹಳ್ಳಿಗಳವರು ಪಾದಚಾರಿ ಮೇಲ್ಸೇತುವೆ ಕೇಳಿದರು, ತುಂಡಾದ ಸರ್ವಿಸ್ ರಸ್ತೆಯನ್ನು ಜೋಡಿಸಿ ಎಂದರು. ನಿಧಾನದ ವಾಹನಗಳನ್ನು ಮುಖ್ಯ ಪಥದಿಂದ ಹೊರಗಿಟ್ಟ ಮೇಲೆ ಅವುಗಳಿಗೆ ಎಲ್ಲಿಯೂ ಕಡಿಯದ ಬೇರೆ ದಾರಿ ಕೊಡಬೇಕಾದದ್ದು ನ್ಯಾಯ. ಒಳಬರುವ ಬಾಯಿಯಲ್ಲೂ ಲೆಕ್ಕವಿದೆ. ಸರ್ವಿಸ್ ರಸ್ತೆಯಲ್ಲಿ 40 ಕಿ.ಮೀ. ವೇಗದಲ್ಲಿರುವ ಸಾಧಾರಣ ಕಾರು 100 ಕಿ.ಮೀ.ಗೆ ಏರಲು 200 ಮೀಟರಿಗೂ ಹೆಚ್ಚು ದೂರ ಬೇಕು. ಆ ಉದ್ದದ ಪಥವಿಲ್ಲದಿದ್ದರೆ ಅದು 60 ಕಿ.ಮೀ. ವ್ಯತ್ಯಾಸದೊಂದಿಗೆ ಹರಿವಿನ ಮಧ್ಯೆ ಬೀಳುತ್ತದೆ. ಹಿಂದಿನಿಂದ ಬರುವವನಿಗೆ ಅದು ನಿಂತ ಗೋಡೆಯಂತೆಯೇ.

ಹೊಣೆ ಯಾರದು?

ಕಾನೂನು ಇಲ್ಲದೇ ಇಲ್ಲ. ರಾಷ್ಟ್ರೀಯ ಹೆದ್ದಾರಿಗಳ ಭೂಮಿ ಮತ್ತು ಸಂಚಾರ ನಿಯಂತ್ರಣದ 2002ರ ಕಾಯ್ದೆಯ ಪ್ರಕಾರ ಹೆದ್ದಾರಿ ಆಡಳಿತದ ಅನುಮತಿ ಇಲ್ಲದೆ ಯಾರಿಗೂ ವಾಹನದಲ್ಲಿ ಹೆದ್ದಾರಿಗೆ ನೇರ ಪ್ರವೇಶದ ಹಕ್ಕಿಲ್ಲ. ಪೆಟ್ರೋಲ್ ಬಂಕಿಗೆ ಅನುಮತಿ ಬೇಕಾದರೆ ವೇಗ ತಗ್ಗಿಸುವ ಪಥ, ವೇಗ ಏರಿಸುವ ಪಥ, ನೀರು ಹರಿಯುವ ಚರಂಡಿ ಎಲ್ಲವನ್ನೂ ನಕ್ಷೆಯಲ್ಲಿ ತೋರಿಸಬೇಕು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿದ 198ಎ ಕಲಂ ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಯ ಮಾನದಂಡ ಮೀರಿ ಸಾವು ಅಥವಾ ಅಂಗವೈಕಲ್ಯ ಸಂಭವಿಸಿದರೆ ಪ್ರಾಧಿಕಾರ, ಗುತ್ತಿಗೆದಾರ, ಸಲಹೆಗಾರರಿಗೆ ಒಂದು ಲಕ್ಷ ರೂಪಾಯಿವರೆಗೆ ದಂಡ ಹೇಳುತ್ತದೆ. ರಸ್ತೆಯೂ ತಪ್ಪು ಮಾಡಬಲ್ಲದು ಎಂದು ಕಾನೂನೇ ಒಪ್ಪಿದೆ. ಅಪಘಾತದ ತನಿಖೆಯೂ ಅದನ್ನು ಒಪ್ಪಿ ನಡೆಯಬೇಕು.

ನನ್ನ ಬೇಡಿಕೆ ಇಷ್ಟು. ಹೆದ್ದಾರಿಯ ಪ್ರತಿಯೊಂದು ಪ್ರವೇಶಕ್ಕೂ, ಅನುಮತಿ ಇರಲಿ ಇಲ್ಲದಿರಲಿ, ಒಂದು ಸಂಖ್ಯೆ ಕೊಡಬೇಕು. ಪ್ರತಿ ಸಂಖ್ಯೆಯ ಎದುರು ಐದು ಪ್ರಶ್ನೆಗೆ ಉತ್ತರ ಬರೆದು ಸಾರ್ವಜನಿಕರ ಮುಂದಿಡಬೇಕು. ಎಷ್ಟು ದೂರ ಕಾಣುತ್ತದೆ? ಅತಿ ನಿಧಾನದವರು ದಾಟಲು ಎಷ್ಟು ಸೆಕೆಂಡು ಬೇಕು? ನಡುವೆ ನಿಲ್ಲಲು ಜಾಗವಿದೆಯೇ? ಜನ ಎಷ್ಟು ಹೊತ್ತು ಕಾಯುತ್ತಾರೆ? ಇದನ್ನು ಮುಚ್ಚಿದರೆ ಅವರು ಎಷ್ಟು ದೂರ ಸುತ್ತಬೇಕು? ಐದನೆಯ ಪ್ರಶ್ನೆಗೆ ಉತ್ತರ ಬರೆಯದೆ ಯಾವ ತೆರವನ್ನೂ ಮುಚ್ಚಬಾರದು. ಮೊದಲ ನಾಲ್ಕಕ್ಕೆ ಉತ್ತರ ಬರೆಯದೆ ಯಾವ ತೆರವನ್ನೂ ತೆರೆಯಬಾರದು.

ಇಲ್ಲಿ ಕುಳಿತ ವಿದ್ಯಾರ್ಥಿಗಳಿಗೆ ಕೊನೆಯ ಮಾತು. ಇದಕ್ಕೆ ದೊಡ್ಡ ಉಪಕರಣ ಬೇಕಾಗಿಲ್ಲ. ಮುಂದಿನ ರಜೆಯಲ್ಲಿ ಊರಿಗೆ ಹೋದಾಗ ನಿಮ್ಮ ಕ್ರಾಸಿನಲ್ಲಿ, ರಸ್ತೆಯಿಂದ ದೂರ ಸುರಕ್ಷಿತ ಜಾಗದಲ್ಲಿ ನಿಲ್ಲಿ. ದೂರದಲ್ಲಿ ವಾಹನ ಕಣ್ಣಿಗೆ ಬಿದ್ದ ಕ್ಷಣದಿಂದ ಅದು ನಿಮ್ಮ ಮುಂದೆ ಹಾದುಹೋಗುವವರೆಗಿನ ಸೆಕೆಂಡುಗಳನ್ನು ಗಡಿಯಾರದಲ್ಲಿ ಎಣಿಸಿ. ಇಪ್ಪತ್ತು ವಾಹನಗಳಿಗೆ ಹೀಗೆ ಮಾಡಿ. ಆಮೇಲೆ ಊರಿನ ಹಿರಿಯರೊಬ್ಬರು ಒಳರಸ್ತೆಯಲ್ಲಿ ಹತ್ತೂವರೆ ಮೀಟರ್ ನಡೆಯಲು ತೆಗೆದುಕೊಳ್ಳುವ ಸಮಯವನ್ನು ಎಣಿಸಿ. ಎರಡನೆಯದು ಮೊದಲನೆಯದಕ್ಕಿಂತ ಹೆಚ್ಚಿದ್ದರೆ, ಅಲ್ಲಿ ಇನ್ನೂ ಯಾರೂ ಸತ್ತಿಲ್ಲವಾದರೂ, ಆ ಕ್ರಾಸ್ ಅಸುರಕ್ಷಿತ. ಈ ಎರಡು ಅಂಕೆಗಳನ್ನು ಒಂದು ಹಾಳೆಯಲ್ಲಿ ಬರೆದು ಗ್ರಾಮ ಪಂಚಾಯಿತಿಗೆ ಕೊಡಿ, ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೆ ಕಳುಹಿಸಿ, ಉತ್ತರ ಬರುವವರೆಗೂ ಬಿಡದೆ ಕೇಳಿ. ಕ್ರಾಸಿನಲ್ಲಿ ನಿಂತವರನ್ನು ಎಣಿಸುವ ಕೆಲಸ ನಿಮ್ಮಿಂದ ಶುರುವಾಗಲಿ.